ಬಳ್ಳಿಯೊಂದು, ಎಲೆಯೊಂದು, ರಾತ್ರಿಯಿಡೀ ಹಾಡು

ಮೂರು ನರಿಗಳ ಮೂತಿಯ ಚರ್ಮವನ್ನು ಒಂದಕ್ಕೊಂದು ಸೇರಿಸಿ ಹೊಲಿದ ಪುಟ್ಟ ಸಂಚಿ. ಬೊಲಿವಿಯದ ನೈಋತ್ಯ ಮೂಲೆಯ ಒಣ ಎತ್ತರದಲ್ಲಿ, ಕ್ವೇವಾ ದೆಲ್ ಚಿಲೇನೊ ಎಂಬ ಕಲ್ಲಾಸರೆಯ ಧೂಳಿನಡಿ ಅದು ಸಾವಿರ ವರ್ಷ ಬಿದ್ದುಕೊಂಡಿತ್ತು. ಜೊತೆಗೆ ನಶ್ಯ ಇಟ್ಟುಕೊಳ್ಳುವ ಮರದ ಹಲಗೆಗಳು, ಸೇದುವ ಕೊಳವೆ, ಲಾಮಾ ಮೂಳೆಯ ಚಪ್ಪಟೆ ಕಡ್ಡಿಗಳು, ಬಣ್ಣದ ನೂಲಿನ ತಲೆಪಟ್ಟಿ. ಯಾರೋ ಒಬ್ಬ ವೈದ್ಯನ ಸರಂಜಾಮು! ಸಂಚಿಯ ಕಾಲ ಕ್ರಿ.ಶ. 905ರಿಂದ 1170ರ ನಡುವಿನದು ಎಂದು ಪರೀಕ್ಷೆ ಹೇಳಿತು. ಇಲ್ಲಿ ಪಂಪ ಕಾವ್ಯ ಬರೆದ ಕಾಲದಿಂದ ಬಸವಣ್ಣನವರ ಕಾಲದವರೆಗೆ ಎಂದುಕೊಳ್ಳಿ.

ಸಂಚಿಯ ಒಳಮೈಯಿಂದ ಕೆರೆದು ತೆಗೆದ ಚೂರನ್ನು ಯಂತ್ರಕ್ಕೆ ಕೊಟ್ಟರು. 2019ರಲ್ಲಿ ಫಲಿತಾಂಶ ಪ್ರಕಟವಾಯಿತು. ಕೋಕಾ ಎಲೆಯ ಅಂಶ ಇತ್ತು, ಆ ಸೀಮೆಯಲ್ಲಿ ಅದೇನೂ ಅಚ್ಚರಿಯಲ್ಲ. ಆದರೆ ಅದರ ಪಕ್ಕದಲ್ಲೇ ಹಾರ್ಮಿನ್ ಇತ್ತು, ಡಿಎಂಟಿ ಇತ್ತು. ಈ ಎರಡು ಹೆಸರು ಒಟ್ಟಿಗೆ ಕಂಡಿದ್ದೇ ತಡ, ಸಸ್ಯಶಾಸ್ತ್ರ ಬಲ್ಲವರು ಕುರ್ಚಿಯ ತುದಿಗೆ ಬಂದರು. ಯಾಕೆಂದರೆ ಅಮೆಜಾನ್ ಕಾಡಿನ ಜನ ಇವತ್ತಿಗೂ ರಾತ್ರಿ ಕೂತು ಕುಡಿಯುವ ಅಯಾಹುಆಸ್ಕ ಎಂಬ ಕಷಾಯದ ಎರಡು ಆಧಾರಗಳು ಇವೇ. ಆ ವೈದ್ಯ ಕಷಾಯ ಕಾಸುತ್ತಿದ್ದನೋ, ಬರೀ ನಶ್ಯ ಏರಿಸುತ್ತಿದ್ದನೋ ಸಂಚಿ ಹೇಳುವುದಿಲ್ಲ. ಆದರೆ ಕೆಳಗಿನ ಬಿಸಿನಾಡಿನ ಸೊಪ್ಪು ಬಳ್ಳಿಗಳು ಅಷ್ಟು ಎತ್ತರಕ್ಕೆ ಕೈಯಿಂದ ಕೈಗೆ ದಾಟಿ ಬಂದಿದ್ದವು, ಒಂದೇ ಸಂಚಿಯಲ್ಲಿ ಕೂಡಿದ್ದವು!

ಆ ಎರಡು ಗಿಡಗಳ ಜೋಡಿ ಎಂಥದ್ದು ಎಂದು ತಿಳಿದರೆ ನಿಜಕ್ಕೂ ತಲೆ ತಿರುಗುತ್ತದೆ.

ಮೊದಲನೆಯದು ಚಕ್ರೂನ ಎಂಬ ಪೊದೆಯ ಎಲೆ. ನೋಡಲು ತೀರಾ ಸಾಧಾರಣ, ಚಿಕ್ಕಮಗಳೂರಿನವರು ಕಂಡರೆ ಇದೇನು ನಮ್ಮ ತೋಟದ ಗಿಡದಂತಿದೆ ಅಂದಾರು. ಅನ್ನಲೇಬೇಕು, ಅದು ಕಾಫಿಯ ಕುಟುಂಬಕ್ಕೇ ಸೇರಿದ್ದು. ಅದರ ಎಲೆಯಲ್ಲಿ ಡಿಎಂಟಿ ಇದೆ. ಕಣ್ಣು ಮುಚ್ಚಿದರೆ ಸಾಕು, ಬಣ್ಣದ ಲೋಕಗಳನ್ನೇ ತೆರೆದಿಡುವ ಪದಾರ್ಥ. ಆದರೆ ಆ ಎಲೆಯನ್ನಷ್ಟೇ ಕುದಿಸಿ ಕುಡಿದರೆ ಏನೂ ಆಗುವುದಿಲ್ಲ. ನಮ್ಮ ಕರುಳು ಮತ್ತು ಯಕೃತ್ತಿನಲ್ಲಿ ಮೋನೊಅಮೈನ್ ಆಕ್ಸಿಡೇಸ್ ಎಂಬ ಕಿಣ್ವ ಬಾಗಿಲ ಕಾವಲುಗಾರನಂತೆ ನಿಂತಿದೆ. ಡಿಎಂಟಿ ರಕ್ತ ಸೇರುವ ಮೊದಲೇ ಅದನ್ನು ಮುರಿದು ಹಾಕುತ್ತದೆ. ಸ್ಟೀಫನ್ ಸಾರಾ ಎಂಬ ವಿಜ್ಞಾನಿ 1956ರ ಸುಮಾರಿಗೆ ಬುಡಾಪೆಸ್ಟ್‌ನಲ್ಲಿ ಇದನ್ನು ತನ್ನ ಮೇಲೇ ಪ್ರಯೋಗಿಸಿಕೊಂಡ. ನುಂಗಿ ನೋಡಿದ, ಏನೂ ಇಲ್ಲ. ಕೊನೆಗೆ ಸ್ನಾಯುವಿಗೆ ಚುಚ್ಚಿಕೊಂಡ ಮೇಲೆ ಕೆಲವೇ ನಿಮಿಷದಲ್ಲಿ ಕಣ್ಣೆದುರು ಚಿತ್ತಾರಗಳು ಎದ್ದವು.

ಎರಡನೆಯದು ಬಳ್ಳಿ. ಬನಿಸ್ಟೀರಿಯಾಪ್ಸಿಸ್ ಕಾಪಿ. ಮರಗಳನ್ನು ಬಳಸಿ ಹುರಿಗೊಂಡು ಮೇಲೇರುತ್ತದೆ, ಬಲಿತರೆ ತೋಳಿನಷ್ಟು ದಪ್ಪ. ನಮ್ಮ ಕವಿಗಳು ಮಾವಿನ ಮರಕ್ಕೆ ಮದುವೆ ಮಾಡಿಸುತ್ತ ಬಂದಿರುವ ಮಾಧವಿ ಲತೆ ಇದೆಯಲ್ಲ, ಅದರ ಕುಟುಂಬದ್ದೇ ಇದು! ಈ ಬಳ್ಳಿಯಲ್ಲಿರುವ ಹಾರ್ಮಿನ್ ಮತ್ತು ಅದರ ಒಡಹುಟ್ಟುಗಳು ಮಾಡುವ ಕೆಲಸ ಒಂದೇ. ಆ ಕಿಣ್ವವನ್ನು ಒಂದಷ್ಟು ಹೊತ್ತು ಕೈಕಟ್ಟಿ ಕೂರಿಸುವುದು. ಅಷ್ಟರೊಳಗೆ ಎಲೆಯ ಸತ್ವ ರಕ್ತ ಸೇರಿ ಮಿದುಳು ಮುಟ್ಟಿರುತ್ತದೆ.

ಈಗ ಯೋಚಿಸಿ. ಹತ್ತಾರು ಸಾವಿರ ಜಾತಿಯ ಗಿಡಮರಗಳ ಕಾಡು. ಅದರಲ್ಲಿ ಈ ಬಳ್ಳಿಯನ್ನು ಈ ಎಲೆಯ ಜೊತೆಗೇ ಹಾಕಿ ಕುದಿಸಬೇಕೆಂದು ಯಾರಿಗೆ ಹೊಳೆಯಿತು? ಲ್ಯಾಬು ಇಲ್ಲ, ಕಿಣ್ವ ಎಂಬ ಕಲ್ಪನೆಯೇ ಇಲ್ಲ. ಅಲ್ಲಿನ ವೈದ್ಯರನ್ನು ಕೇಳಿದರೆ ಉತ್ತರ ಸರಳ: ಗಿಡಗಳೇ ಹೇಳಿಕೊಟ್ಟವು. ವಿಜ್ಞಾನ ಓದಿದವರಿಗೆ ಈ ಉತ್ತರ ಗಂಟಲಲ್ಲಿ ಇಳಿಯುವುದಿಲ್ಲ, ನನಗೂ ಪೂರ್ತಿ ಇಳಿದಿಲ್ಲ. ಬಳ್ಳಿಯನ್ನು ಮೊದಲು ಹೊಟ್ಟೆ ತೊಳೆಯಲು ಕುಡಿಯುತ್ತಿದ್ದಿರಬಹುದು, ಆಮೇಲೆ ತಲೆಮಾರುಗಟ್ಟಲೆ ಒಂದೊಂದೇ ಸೊಪ್ಪು ಸೇರಿಸಿ ನೋಡಿರಬಹುದು. ಇರಲಿ. ನಮ್ಮ ಆಧುನಿಕ ವೈದ್ಯಕ್ಕೆ ಈ ಕಿಣ್ವವನ್ನು ತಡೆದರೆ ಖಿನ್ನತೆ ಇಳಿಯುತ್ತದೆಂದು ತಿಳಿದದ್ದು 1950ರ ದಶಕದಲ್ಲಿ, ಅದೂ ಆಕಸ್ಮಿಕವಾಗಿ. ಕ್ಷಯರೋಗಿಗಳಿಗೆ ಐಪ್ರೊನಿಯಾಜಿಡ್ ಎಂಬ ಔಷಧಿ ಕೊಟ್ಟಾಗ ಹಾಸಿಗೆ ಹಿಡಿದವರು ಗೆಲುವಾಗಿ ಓಡಾಡತೊಡಗಿದರು. ಖಿನ್ನತೆಯ ಮೊಟ್ಟಮೊದಲ ಮಾತ್ರೆಗಳ ಪೈಕಿ ಅದೂ ಒಂದು. ಕಾಡಿನ ಜನ ಅದೇ ಬೀಗವನ್ನು ಬಳ್ಳಿ ಜಜ್ಜಿ ಎಂದೋ ತೆರೆದು ಕೂತಿದ್ದರು.

ಹೊರಗಿನವರ ಕಣ್ಣಿಗೆ ಈ ಬಳ್ಳಿಯ ರಸ ಬಿದ್ದ ಬಗೆಯೂ ಮೋಜಿನದೇ. 1852ರಲ್ಲಿ ರಿಚರ್ಡ್ ಸ್ಪ್ರೂಸ್ ಎಂಬ ಇಂಗ್ಲಿಷ್ ಸಸ್ಯಶಾಸ್ತ್ರಜ್ಞ ಬ್ರೆಜಿಲಿನ ವಾವ್ಪೆಸ್ ನದಿಯ ದಂಡೆಯಲ್ಲಿ ಒಂದು ಹಬ್ಬಕ್ಕೆ ಹೋದ. ಕುಡಿದೇ ನೋಡಬೇಕೆಂದು ನಿಶ್ಚಯಿಸಿಯೇ ಹೋಗಿದ್ದ. ಒಂದು ಬಟ್ಟಲು ಒಳಗೆ ಹೋಯಿತೋ ಇಲ್ಲವೋ, ಅತಿಥಿ ಸತ್ಕಾರ ಶುರು. ಒಬ್ಬ ಮರಗೆಣಸಿನ ಹೆಂಡ ತಂದು ಕೊಟ್ಟ, ಇನ್ನೊಬ್ಬ ತೋಳುದ್ದದ ಚುಟ್ಟಾ ಹಿಡಿಸಿದ, ಅದರ ಮೇಲೆ ತಾಳೆಯ ಹೆಂಡ. ಇವನೋ ಬೀಡಿ ಸಿಗರೇಟು ಮುಟ್ಟದವನು. ಹೊಟ್ಟೆ ಕಿವುಚಿ ಕಾಫಿ ಕುಡಿದು ಹಾಸಿಗೆಗೆ ಬಿದ್ದ. ದರ್ಶನವೂ ಇಲ್ಲ, ಏನೂ ಇಲ್ಲ! ಆದರೂ ಅವನು ಬಳ್ಳಿಯ ತುಂಡುಗಳನ್ನು ಕಟ್ಟಿ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಕಳಿಸಿದ್ದ. ನೂರು ವರ್ಷಕ್ಕೂ ಮೀರಿ ಅಲ್ಲೇ ಬಿದ್ದಿದ್ದ ಅದೇ ತುಂಡುಗಳನ್ನು 1960ರ ದಶಕದ ಕೊನೆಗೆ ಹಾರ್ವರ್ಡ್‌ನ ರಿಚರ್ಡ್ ಇವಾನ್ಸ್ ಶುಲ್ಟೆಸ್ ಮತ್ತು ಸಂಗಡಿಗರು ಪರೀಕ್ಷೆಗೆ ಹಚ್ಚಿದರೆ, ಹಾರ್ಮಿನ್ ಇನ್ನೂ ಹಾಗೇ ಇತ್ತು.

ಇನ್ನು ಕಷಾಯ ಕುಡಿಯುವ ರಾತ್ರಿಯ ಮಾತು. ಪೆರುವಿನ ಉಕಯಾಲಿ ನದಿಯ ಶಿಪಿಬೊ ಜನರದ್ದನ್ನೇ ತೆಗೆದುಕೊಳ್ಳಿ. ಬಲಿತ ಬಳ್ಳಿಯನ್ನು ಮೊಳದುದ್ದ ಕಡಿದು, ಮರದ ಕೊಡತಿಯಿಂದ ನಾರು ನಾರಾಗುವಂತೆ ಜಜ್ಜುತ್ತಾರೆ. ದೊಡ್ಡ ಪಾತ್ರೆಯಲ್ಲಿ ಒಂದು ಪದರ ಬಳ್ಳಿ, ಒಂದು ಪದರ ಎಲೆ, ಮೇಲೆ ನೀರು. ತಾಸುಗಟ್ಟಲೆ ಕುದಿದು, ಬಸಿದು, ಮತ್ತೆ ಬತ್ತಿಸಿದಾಗ ಕೆಳಗುಳಿಯುವುದು ಕಾಕಂಬಿಯ ಬಣ್ಣದ ಕಹಿ ರಸ. ಕುಡಿಯುವವರು ಮುಂಚಿನ ದಿನಗಳಲ್ಲಿ ಉಪ್ಪು, ಕಾರ, ಹಂದಿಮಾಂಸ, ಹೆಂಡ ಎಲ್ಲ ಬಿಟ್ಟು ಪಥ್ಯ ಮಾಡಬೇಕು. ಕತ್ತಲಾದ ಮೇಲೆ ಎಲೆ ಹೊದಿಸಿದ ದೊಡ್ಡ ಗುಡಿಸಲಿನಲ್ಲಿ ಸುತ್ತ ಕೂರುತ್ತಾರೆ. ಹೊರಗಿನಿಂದ ಬಂದವರ ಮುಂದೆ ಈಗೀಗ ಒಂದೊಂದು ಪ್ಲಾಸ್ಟಿಕ್ ಬಕೆಟ್ಟು. ವಾಂತಿ ಇಲ್ಲಿ ಅಡ್ಡಪರಿಣಾಮವಲ್ಲ, ಅದೇ ಅರ್ಧ ಚಿಕಿತ್ಸೆ.

ವೈದ್ಯ ಅಥವಾ ವೈದ್ಯೆ ಮೊದಲು ಬಟ್ಟಲಿನ ಮೇಲೆ ಮಪಾಚೊ ಎಂಬ ಕಡು ಹೊಗೆಸೊಪ್ಪಿನ ಹೊಗೆ ಊದುತ್ತಾರೆ. ಅಗ್ವಾ ಫ್ಲೋರಿದಾ ಎಂಬ ಸುಗಂಧ ಚಿಮುಕಿಸುತ್ತಾರೆ. ಈ ಅಗ್ವಾ ಫ್ಲೋರಿದಾ ಯಾವ ಕಾಡಿನ ಹೂವಿನ ಅರ್ಕವೋ ಎಂದುಕೊಂಡರೆ, ಅಲ್ಲ, ಅದು ನ್ಯೂಯಾರ್ಕಿನ ಒಂದು ಕಂಪನಿ ಹತ್ತೊಂಬತ್ತನೇ ಶತಮಾನದಲ್ಲಿ ಮಾರುಕಟ್ಟೆಗೆ ಬಿಟ್ಟ ಸೆಂಟು! ಸಂಪ್ರದಾಯ ಎಂದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟ ವಸ್ತು ಎಂದು ತಿಳಿದವರಿಗೆ ಈ ಬಾಟಲಿ ತೋರಿಸಬೇಕು. ಆಮೇಲೆ ದೀಪ ಆರುತ್ತದೆ. ಸ್ವಲ್ಪ ಹೊತ್ತಿಗೆ ತುಟಿಯಲ್ಲೇ ಸಿಳ್ಳೆ, ಸಿಳ್ಳೆಯೇ ರಾಗವಾಗಿ, ರಾಗಕ್ಕೆ ಮಾತು ಕೂಡಿ ಇಕಾರೊ ಎಂಬ ಹಾಡು ಎದ್ದೇಳುತ್ತದೆ. ಒಬ್ಬೊಬ್ಬರ ಎದುರು ಕೂತು ಅವರವರ ನೋವಿಗೆ ತಕ್ಕ ಹಾಡು. ಎತ್ತುವುದು ಹಾಡಿನಿಂದ, ಇಳಿಸುವುದೂ ಹಾಡಿನಿಂದ. ಶಿಪಿಬೊ ಹೆಂಗಸರು ಬಟ್ಟೆಯ ಮೇಲೆ ಕಸೂತಿ ಹಾಕುವ ಕೆನೆ ಎಂಬ ಜಾಲದಂಥ ವಿನ್ಯಾಸಗಳಿಗೂ ಈ ಹಾಡುಗಳಿಗೂ ನಂಟಿದೆ. ಪೆರು ಸರ್ಕಾರ 2008ರಲ್ಲಿ ಅಯಾಹುಆಸ್ಕದ ಸಾಂಪ್ರದಾಯಿಕ ಬಳಕೆಯನ್ನೂ ಕೆನೆಯನ್ನೂ ರಾಷ್ಟ್ರದ ಸಾಂಸ್ಕೃತಿಕ ಪರಂಪರೆ ಎಂದು ಸಾರಿತು.

ವಾಸಿ ಆಗುತ್ತದೆಯೇ? ಈ ಪ್ರಶ್ನೆಗೆ ನನಗೆ ಸಿಕ್ಕಿದ ಅತ್ಯಂತ ಸೋಜಿಗದ ಉತ್ತರ ಕಾಡಿನದಲ್ಲ, ಆಸ್ಪತ್ರೆಯದು. ಬ್ರೆಜಿಲಿನ ನಟಾಲ್ ನಗರದಲ್ಲಿ ಫೆರ್ನಾಂಡಾ ಪಲ್ಯಾನೊ-ಫೊಂಟೆಸ್, ದ್ರೌಲಿಯೊ ಅರಾವುಜೊ ಮತ್ತು ಜೊತೆಗಾರರು ಯಾವ ಔಷಧಿಗೂ ಬಗ್ಗದ ಖಿನ್ನತೆಯ 29 ರೋಗಿಗಳನ್ನು ಆರಿಸಿಕೊಂಡರು. 14 ಮಂದಿಗೆ ನಿಜವಾದ ಕಷಾಯ, 15 ಮಂದಿಗೆ ಹುಸಿ ಕಷಾಯ. ಕಷ್ಟ ಇರುವುದೇ ಹುಸಿಯಲ್ಲಿ. ಸಕ್ಕರೆ ನೀರು ಕೊಟ್ಟರೆ ರೋಗಿ ನಕ್ಕಾನು. ಹಾಗಾಗಿ ನೀರಿಗೆ ಯೀಸ್ಟು, ಹುಳಿಗೆ ಸಿಟ್ರಿಕ್ ಆಮ್ಲ, ಬಣ್ಣಕ್ಕೆ ಕ್ಯಾರಮೆಲ್, ಹೊಟ್ಟೆ ತೊಳಸಲೆಂದು ಜಿಂಕ್ ಸಲ್ಫೇಟ್ ಬೆರೆಸಿದರು. ವಿಜ್ಞಾನಿಗಳು ಇಷ್ಟು ಮುತುವರ್ಜಿಯಿಂದ ಓಕರಿಕೆ ತಯಾರಿಸಿದ ಉದಾಹರಣೆ ಇನ್ನೊಂದಿರಲಿಕ್ಕಿಲ್ಲ! ಮನೆಯ ಹಜಾರದಂತೆ ಸಜ್ಜಾದ ಕೋಣೆ, ಮಂದ ಬೆಳಕು, ಸಂಗೀತ, ಕರೆದರೆ ಓಗೊಡಲು ಪಕ್ಕದ ಕೋಣೆಯಲ್ಲಿ ಜನ.

ಏಳನೇ ದಿನ ಅಳೆದು ನೋಡಿದರು. ನಿಜದ ಕಷಾಯ ಕುಡಿದವರಲ್ಲಿ ಶೇ. 64ರಷ್ಟು ಮಂದಿಯ ಖಿನ್ನತೆ ಅರ್ಧಕ್ಕೂ ಕೆಳಗಿಳಿದಿತ್ತು. ಹುಸಿ ಗುಂಪಿನಲ್ಲಿ ಶೇ. 27. ಒಂದೇ ಒಂದು ಸಲ ಕುಡಿದದ್ದಕ್ಕೆ! ದಿನವೂ ನುಂಗುವ ಮಾತ್ರೆಗಳು ಕೆಲಸ ಶುರುಮಾಡಲಿಕ್ಕೇ ವಾರಗಳು ಬೇಕು. ಆದರೆ ನಾನು ಓದುತ್ತ ಓದುತ್ತ ನಿಂತುಬಿಟ್ಟದ್ದು ಏಳನೇ ದಿನದ ಲೆಕ್ಕದಲ್ಲಲ್ಲ, ಮೊದಲ ದಿನದ್ದರಲ್ಲಿ. ಕುಡಿದ ಮರುದಿನ ನಿಜದ ಗುಂಪಿನಲ್ಲಿ ಶೇ. 50 ಮಂದಿ ಚೇತರಿಸಿದ್ದರೆ, ಯೀಸ್ಟು ಸತುವಿನ ನೀರು ಕುಡಿದವರಲ್ಲಿ ಶೇ. 46! ಹೆಚ್ಚೂಕಡಿಮೆ ಸಮ. ವರ್ಷಗಟ್ಟಲೆ ಯಾವ ಮಾತ್ರೆಗೂ ಜಗ್ಗದ ಮನಸ್ಸು, ಯಾರೋ ಮಂದ ಬೆಳಕಿನಲ್ಲಿ ಕೂರಿಸಿ, ಕಹಿ ಕುಡಿಸಿ, ನಿನಗಾಗಿ ನಾವಿದ್ದೇವೆ ಎಂದದ್ದಕ್ಕೇ ಒಂದು ದಿನದ ಮಟ್ಟಿಗಾದರೂ ಹಗುರಾಯಿತು. ಹುಸಿ ಕಷಾಯದ ಬಲ ವಾರದಲ್ಲಿ ಕರಗಿತು, ಬಳ್ಳಿ ಎಲೆಯ ಬಲ ನಿಂತಿತು. ಅಂದರೆ ರಸವೂ ಸುಳ್ಳಲ್ಲ, ರಸದ ಸುತ್ತ ಕಟ್ಟಿದ ವಿಧಿಯೂ ಬರೀ ಅಲಂಕಾರವಲ್ಲ. ಪ್ರಯೋಗ ಚಿಕ್ಕದು, 29 ಜನರಿಂದ ಜಗತ್ತನ್ನು ಅಳೆಯಲಾಗದು. ಆದರೂ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಮೈ ಜುಮ್ಮೆನ್ನದಿದ್ದರೆ ಹೇಳಿ.

ಇದಕ್ಕೂ ಮುಂಚೆ, 1993ರಲ್ಲಿ ಬ್ರೆಜಿಲಿನದೇ ಮನಾಉಸ್ ನಗರದಲ್ಲಿ ಉನಿಯಾಂವ್ ದೊ ವೆಜೆತಾವ್ ಎಂಬ ಪಂಥದ 15 ಮಂದಿಯನ್ನು ಪರೀಕ್ಷಿಸಿದ್ದರು. ಹತ್ತು ವರ್ಷಕ್ಕೂ ಮೀರಿ ಈ ಕಷಾಯವನ್ನು ತೀರ್ಥದಂತೆ ಕುಡಿಯುತ್ತ ಬಂದವರು. ಹಲವರು ಹಿಂದೆ ಕುಡಿತಕ್ಕೆ ಬಿದ್ದಿದ್ದವರು, ಈಗ ಸಂಸಾರಸ್ಥರು. ಅವರ ರಕ್ತದ ಪ್ಲೇಟ್‌ಲೆಟ್‌ಗಳಲ್ಲಿ ಸೆರೊಟೋನಿನ್ ಸಾಗಿಸುವ ಅಣುಗಳು ಉಳಿದವರಿಗಿಂತ ಹೆಚ್ಚಿದ್ದವು. ಕುಡಿತ ಬಿಡಿಸಿದ್ದು ರಸವೋ, ಹದಿನೈದು ದಿನಕ್ಕೊಮ್ಮೆ ಒಟ್ಟಿಗೆ ಕೂರುವ ಬಳಗವೋ? ಬೇರ್ಪಡಿಸುವುದು ಹೇಗೆ?

ಇಷ್ಟು ಬೆರಗಿನ ನಡುವೆ ಒಂದು ಮಾತನ್ನು ನೇರವಾಗಿ ಹೇಳಿಬಿಡಬೇಕು. ಇದು ಆಟದ ವಸ್ತುವಲ್ಲ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಇದನ್ನು ಕುಡಿದರೆ ಸೆರೊಟೋನಿನ್ ಮಿತಿಮೀರಿ ಪ್ರಾಣಕ್ಕೇ ಅಪಾಯ. ಹೃದಯದ ತೊಂದರೆ ಇದ್ದವರಿಗೆ, ಮನೆತನದಲ್ಲಿ ಸ್ಕಿಜೋಫ್ರೇನಿಯಾದಂಥ ಕಾಯಿಲೆ ಇದ್ದವರಿಗೆ ಸಲ್ಲದು. ಪೆರುವಿನ ಇಕಿಟೋಸ್, ಪುಕಾಲ್ಪಾ ಕಡೆ ಪ್ರವಾಸಿಗರ ಡಾಲರಿಗಾಗಿ ರಾತ್ರೋರಾತ್ರಿ ವೈದ್ಯರಾದವರಿದ್ದಾರೆ, ಕತ್ತಲಲ್ಲಿ ಹೆಂಗಸರ ಮೇಲೆ ಕೈ ಹಾಕಿದ ನೀಚರೂ ಇದ್ದಾರೆ. ಭಾರತದಲ್ಲಿ ಡಿಎಂಟಿ 1985ರ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿದೆ. ಬ್ರೆಜಿಲ್ ಪೂಜೆಯ ಮಟ್ಟಿಗೆ ಒಪ್ಪಿದೆ, ಅಮೆರಿಕದ ಸುಪ್ರೀಂ ಕೋರ್ಟು 2006ರಲ್ಲಿ ಉನಿಯಾಂವ್ ದೊ ವೆಜೆತಾವ್ ಪಂಥದವರ ಪರ ನಿಂತಿತು.

ಮದ್ದು ಯಾರ ಕೈಯಲ್ಲಿ, ಯಾವ ಹೊತ್ತಿನಲ್ಲಿ ಎಂಬುದು ತುಳುನಾಡಿನವರಿಗೆ ಹೊಸ ಪಾಠವಲ್ಲ ಬಿಡಿ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಕಬ್ಬಿಣ ತಾಗಿಸದೆ ಕಲ್ಲಿನಿಂದಲೇ ಹಾಲೆ ಮರದ ತೊಗಟೆ ಜಜ್ಜಿ ತೆಗೆದು, ಖಾಲಿ ಹೊಟ್ಟೆಗೆ ಕಷಾಯ ಕುಡಿದು, ಮೇಲೆ ಮೆಂತೆ ಗಂಜಿ ಉಣ್ಣುವವರು ಅವರು. ಮರ ಗೊತ್ತಿಲ್ಲದವನು ಕತ್ತಲಲ್ಲಿ ವಿಷದ ಕಾಸರಕದ ತೊಗಟೆ ತಂದರೆ ಗತಿ ಏನೆಂದೂ ಬಲ್ಲರು.

ಈಗ ಜ್ಯೂರಿಕ್‌ನಂಥ ಊರುಗಳ ಲ್ಯಾಬುಗಳಲ್ಲಿ ಹಾರ್ಮಿನ್ ಮತ್ತು ಡಿಎಂಟಿಯನ್ನು ಶುದ್ಧ ಮಾಡಿ, ವಾಂತಿ ಕಳೆದು, ಅಳತೆ ಪ್ರಕಾರ ಕೊಡುವ ಕೆಲಸ ನಡೆದಿದೆ. ಒಳ್ಳೆಯದೇ, ಹೊಟ್ಟೆ ತೊಳಸದೆ ವಾಸಿಯಾದರೆ ಯಾರು ಬೇಡ ಅಂದಾರು. ಆದರೆ ಅಮೆಜಾನಿನ ಹಳೆಯ ಪದ್ಧತಿಯ ಒಂದು ಸಂಗತಿ ಇನ್ನೂ ಯಾವ ಲ್ಯಾಬಿಗೂ ದಕ್ಕಿಲ್ಲ. ಅನೇಕ ಬುಡಕಟ್ಟುಗಳಲ್ಲಿ ರೋಗಿ ಕಷಾಯ ಕುಡಿಯುತ್ತಲೇ ಇರಲಿಲ್ಲ! ಕುಡಿಯುತ್ತಿದ್ದದ್ದು ವೈದ್ಯ. ಕುಡಿದು, ರೋಗ ಎಲ್ಲಿ ಕೂತಿದೆ ಎಂದು ಕಂಡು, ರೋಗಿಯ ಮೈಗೆ ಬಾಯಿಟ್ಟು ಹೀರಿ, ಹಾಡಿ ವಾಸಿ ಮಾಡುತ್ತಿದ್ದ. ರೋಗಿ ಸುಮ್ಮನೆ ಮಲಗಿದ್ದರೆ ಸಾಕಿತ್ತು. ಡಾಕ್ಟರು ಔಷಧಿ ನುಂಗಿ ರೋಗಿಯ ಗುಣ ಅಳೆಯುವ ಪ್ರಯೋಗಕ್ಕೆ ಅರ್ಜಿ ಹಾಕಿದರೆ ಯಾವ ಆಸ್ಪತ್ರೆಯ ಸಮಿತಿ ಸಹಿ ಹಾಕೀತು? ಹಾಕಿದರೂ, ಆ ಪ್ರಯೋಗದಲ್ಲಿ ಹುಸಿ ಕಷಾಯ ಕುಡಿಸಬೇಕಾದ್ದು ಯಾರಿಗೆ?