ನಂಬರ್ ಅದೇ, ಫೋನ್ ಅದೇ, ಕಂಪನಿ ಬೇರೆ

ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು. ಎರಡು ದಶಕ ಕಳೆದ ಮೇಲೆ ಬಳ್ಳಾರಿಗೆ ಮರಳಿತು. 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಜೊತೆ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಇಷ್ಟೆಲ್ಲ ಆದರೂ ಊರು ಒಂದಡಿ ಕದಲಲಿಲ್ಲ, ಓಡಾಡಿದ್ದು ಕಡತಗಳು. ಮೊಬೈಲ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ‘ಪೋರ್ಟ್’ ಮಾಡಿಸಿದಾಗ ಆಗುವುದೂ ಇಷ್ಟೇ.

2024ರ ಜುಲೈ ಮೊದಲ ವಾರ ಜಿಯೊ, ಏರ್‌ಟೆಲ್, ವಿಐ ಮೂರೂ ದರ ಏರಿಸಿದವು, ಬಿಎಸ್‌ಎನ್‌ಎಲ್ ಏರಿಸಲಿಲ್ಲ. ಅಗ್ಗದ ಕರೆನ್ಸಿ ಹುಡುಕಿ ಹೊರಟವರಿಗೆ ಆಗ ಎದುರಾದ ಪ್ರಶ್ನೆ: ಕಂಪನಿ ಬದಲಿಸಿದರೆ ಫೋನೂ ಬದಲಿಸಬೇಕೆ?

ಉತ್ತರ ಮೂರು ಸಂಖ್ಯೆಗಳಲ್ಲಿದೆ. ಮೊದಲನೆಯದು ಫೋನಿನದೇ ಗುರುತು, 15 ಅಂಕಿಯ ಐಎಂಇಐ. *#06# ಒತ್ತಿದರೆ ಕಾಣುತ್ತದೆ. ಎರಡನೆಯದು ಸಿಮ್‌ನ ಗುರುತು, ಅದರೊಳಗಿನ ಐಎಂಎಸ್‌ಐ. ನಾವು ಎಲ್ಲರಿಗೂ ಕೊಡುವ ಹತ್ತಂಕಿಯ ನಂಬರ್ ಮೂರನೆಯದು. ಇದು ಯಾವ ಸಿಮ್‌ಗೆ ಸೇರಿದ್ದು ಎಂಬ ಲೆಕ್ಕ ಇರುವುದು ಕಂಪನಿಯ ಕಂಪ್ಯೂಟರಿನಲ್ಲಿ. ಸಿಮ್ ಕಳೆದರೂ ಹೊಸ ಸಿಮ್‌ನಲ್ಲಿ ಹಳೆಯ ನಂಬರ್ ಸಿಗುವುದು ಇದರಿಂದಲೇ.

ಹಿಂದೆ 9448 ಎಂದರೆ ಬಿಎಸ್‌ಎನ್‌ಎಲ್, 9845 ಎಂದರೆ ಏರ್‌ಟೆಲ್ ಎಂದು ಕಣ್ಣುಮುಚ್ಚಿ ಹೇಳಬಹುದಿತ್ತು. 2011ರ ಜನವರಿ 20ರಂದು ಪೋರ್ಟಿಂಗ್ ದೇಶವ್ಯಾಪಿಯಾದ ಮೇಲೆ ಆ ಲೆಕ್ಕ ತಪ್ಪಿತು. ಈಗ ಕರೆ ಮಾಡಿದವರ ನೆಟ್‌ವರ್ಕು ‘ಈ ನಂಬರ್ ಸದ್ಯ ಯಾರ ಬಳಿ ಇದೆ’ ಎಂದು ದತ್ತಾಂಶ ಕೋಶವನ್ನು ಮೊದಲು ಕೇಳಿಕೊಂಡೇ ಕರೆಯನ್ನು ದಾಟಿಸುತ್ತದೆ.

ಹಾಗಾಗಿ ಬಹುತೇಕ ಫೋನು ಬದಲಿಸಬೇಕಿಲ್ಲ, ಸಿಮ್ ಬದಲಿಸಿದರೆ ಸಾಕು. ಆದರೆ ಫೋನಿನ ಆಂಟೆನಾಗೆ ಹೊಸ ಕಂಪನಿಯ ತರಂಗ ಹಿಡಿಯಲು ಬರಬೇಕು.

ಜಿಯೊಗೆ 2ಜಿ, 3ಜಿ ಇಲ್ಲ. ಅಲ್ಲಿ ಮಾತೂ 4ಜಿ ಡೇಟಾದ ರೂಪದಲ್ಲೇ ಸಾಗುತ್ತದೆ. ಹಾಗಾಗಿ ಅಜ್ಜನ ಹಳೆಯ 2ಜಿ ಕೀಪ್ಯಾಡ್ ಫೋನಿಗೆ ಜಿಯೊ ಸಿಮ್ ಹಾಕಿ ಉಪಯೋಗವಿಲ್ಲ. ಜಿಯೊಫೋನ್ ಇದಕ್ಕೆ ತಿರುಗುಮುರುಗು, ಅದು ಬೇರೆ ಕಂಪನಿಯ ಸಿಮ್ಮನ್ನು ಒಪ್ಪುವುದಿಲ್ಲ. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲ 2025ರ ಸೆಪ್ಟೆಂಬರ್ 27ರಂದು ಉದ್ಘಾಟನೆಯಾಯಿತು. ಅದರ ಟವರ್‌ಗಳ ರೇಡಿಯೊ ಉಪಕರಣ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು. ಈ ಜಾಲ 700 ಮತ್ತು 2100 ಮೆಗಾಹರ್ಟ್ಸ್ ಬಳಸುತ್ತದೆ. ಫೋನಿನ ವಿವರಪಟ್ಟಿಯಲ್ಲಿ ‘ಬ್ಯಾಂಡ್ 28’, ‘ಬ್ಯಾಂಡ್ 1’ ಎಂದು ಹುಡುಕಬೇಕಾದದ್ದು ಇವನ್ನೇ.

700 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 43 ಸೆಂಟಿಮೀಟರ್. ಹೋಲಿಕೆಗೆ, 2300 ಮೆಗಾಹರ್ಟ್ಸ್‌ನದು ಬರೀ 13. ಉದ್ದದ ತರಂಗ ಅಡ್ಡಿಯ ಅಂಚಿನಲ್ಲಿ ಹೆಚ್ಚು ಬಾಗುತ್ತದೆ, ಗೋಡೆಯನ್ನೂ ಸುಲಭವಾಗಿ ದಾಟುತ್ತದೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಂಥ ಬಂಡೆಗುಡ್ಡಗಳ ಸೀಮೆಯಲ್ಲಿ, ದಪ್ಪ ಕಲ್ಲುಗೋಡೆಯ ಮನೆಯಲ್ಲಿ ಈ ವ್ಯತ್ಯಾಸ ದೊಡ್ಡದು. ಟವರೇ ದೂರವಿದ್ದರೆ ಮಾತ್ರ ಯಾವ ತರಂಗವೂ ಕೈ ಹಿಡಿಯದು.

ಎಷ್ಟೋ ಸಲ ಕಂಪನಿ ಬಿಡದೆಯೂ ಉಳಿತಾಯವಾಗುತ್ತದೆ. 28 ದಿನದ ಪ್ಲಾನ್ ಹಾಕಿಸುವವರು ವರ್ಷಕ್ಕೆ 12 ಅಲ್ಲ, 13 ಸಲ ದುಡ್ಡು ಕಟ್ಟುತ್ತಾರೆ. ಇಂಟರ್ನೆಟ್ ಬೇಡದವರಿಗೆ ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಲಾನ್ ಕೊಡಲೇಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ‘ಟ್ರಾಯ್’ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು. ಮರುತಿಂಗಳು ಏರ್‌ಟೆಲ್ ಅಂಥ 365 ದಿನದ ಪ್ಲಾನನ್ನು 1,849 ರೂಪಾಯಿಗೆ ತಂದಿತು. ಆಗಿನ 199 ರೂಪಾಯಿಯ ಪ್ಲಾನನ್ನು 13 ಸಲ ಹಾಕಿಸಿದರೆ 2,587 ರೂಪಾಯಿ. ವ್ಯತ್ಯಾಸ 738.

ಪೋರ್ಟ್ ಮಾಡಲೇಬೇಕೆಂದರೆ, ಇಂಗ್ಲಿಷಿನಲ್ಲಿ ‘ಪೋರ್ಟ್’ ಎಂದು ಬರೆದು, ಜಾಗ ಬಿಟ್ಟು ನಂಬರ್ ಸೇರಿಸಿ 1900ಕ್ಕೆ ಕಳಿಸಬೇಕು. ಎಂಟಕ್ಷರದ ಕೋಡ್ ಬರುತ್ತದೆ. ನಾಲ್ಕು ದಿನದೊಳಗೆ ಅದನ್ನೂ ಗುರುತಿನ ದಾಖಲೆಯನ್ನೂ ಹೊಸ ಕಂಪನಿಯ ಅಂಗಡಿಗೆ ಒಯ್ಯಬೇಕು. ಇಡೀ ಕರ್ನಾಟಕ ಒಂದೇ ವಲಯವಾದ್ದರಿಂದ ಮೂರು ಕೆಲಸದ ದಿನಗಳಲ್ಲಿ ಮುಗಿಯುತ್ತದೆ.

ಒಮ್ಮೆ ಹೋದ ಮೇಲೆ 90 ದಿನ ಬೇರೆಡೆಗೆ ಹಾರುವಂತಿಲ್ಲ. ಆದ್ದರಿಂದ ಮೊದಲು ಪಕ್ಕದ ಮನೆಯವರಿಂದ ಆ ಕಂಪನಿಯ ಸಿಮ್ ಕೇಳಿ ಪಡೆದು ನಿಮ್ಮ ಫೋನಿಗೆ ಹಾಕಿ ನೋಡಿ. ಅಡುಗೆಮನೆಯಲ್ಲೂ ಹೊಲದ ಪಂಪ್‌ಸೆಟ್ ಹತ್ತಿರವೂ ಕರೆ ಹೋದರೆ, ಆಮೇಲೆ 1900ಕ್ಕೆ ಮೆಸೇಜು ಕಳಿಸಿ.