ಶುಶ್ರೂಷೆಯಿಂದ ನೀತಿನಿರೂಪಣೆಗೆ

ದಾದಿಯರೆಂದರೆ ವೈದ್ಯರ ಆದೇಶಪಾಲಕರು ಮಾತ್ರವೆಂಬ ಭಾವನೆ ನಮ್ಮಲ್ಲಿ ಇನ್ನೂ ಬಲವಾಗಿದೆ. ಆದರೆ ಫ್ಲಾರೆನ್ಸ್ ನೈಟಿಂಗೇಲ್ ಭಾರತಕ್ಕೆ ಒಮ್ಮೆಯೂ ಬಾರದೆ ಇಲ್ಲಿನ ಆರೋಗ್ಯನೀತಿಯನ್ನು ಪ್ರಭಾವಿಸಿದರು. 1859ರಲ್ಲಿ ನೇಮಕವಾದ ರಾಯಲ್ ಆಯೋಗಕ್ಕಾಗಿ ಇಲ್ಲಿನ ಸೇನಾ ಠಾಣ್ಯಗಳಿಗೆ ಪ್ರಶ್ನಾವಳಿ ಕಳುಹಿಸಿ, ಬಂದ ಉತ್ತರಗಳನ್ನು ಪರಿಶೀಲಿಸಿದರು. ಮಲಿನ ನೀರು, ಚರಂಡಿಯ ಅಭಾವ, ಇಕ್ಕಟ್ಟಾದ ವಸತಿಗಳು ಸೈನಿಕರನ್ನು ಬಲಿ ತೆಗೆದುಕೊಳ್ಳುತ್ತಿವೆಯೆಂದು 1863ರ ವರದಿಯಲ್ಲಿ ನಿರೂಪಿಸಿದರು.

ಇಂದಿನ ದಾದಿಯರಿಗೂ ಈ ಸಾಮರ್ಥ್ಯ ಅಗತ್ಯ. ವಾರ್ಡಿನ ದಾಖಲೆಯಿಂದ ದೋಷದ ಮೂಲವನ್ನು ಗುರುತಿಸುವುದು, ಆಯವ್ಯಯವನ್ನು ಅರಿಯುವುದು, ಸಭೆಯಲ್ಲಿ ವಾದ ಮಂಡಿಸುವುದು ಅವರ ಶಿಕ್ಷಣದ ಭಾಗವಾಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿಯೂ ದಾದಿಯರ ನಾಯಕತ್ವಕ್ಕೆ ಒತ್ತು ನೀಡಿತು.

ರಾತ್ರಿಪಾಳಿಯಲ್ಲಿ ಒಬ್ಬ ದಾದಿ ಎಷ್ಟು ರೋಗಿಗಳನ್ನು ನೋಡಿಕೊಳ್ಳಬೇಕೆಂದು ನಿರ್ಧರಿಸುವ ಸಭೆಯಲ್ಲಿ ದಾದಿಯರಿಗೂ ಆಸನವಿರಬೇಕು. ಆ ಹಾಸಿಗೆಗಳಲ್ಲಿ ಮಲಗುವವರು ನಾವೇ ಅಲ್ಲವೇ?