ಒಂದೇ ಟ್ರಂಪೆಟ್, ಐದು ‘ನ್ಯೂ ವರ್ಲ್ಡ್’

ಅಂತೋನಿನ್ ದ್ವೊರ್ಝಾಕ್‌ನ ಒಂಬತ್ತನೆಯ ಸಿಂಫನಿಯನ್ನು ಲೋಕ ‘ನ್ಯೂ ವರ್ಲ್ಡ್’ ಎಂದೇ ಕರೆಯುತ್ತದೆ. ಶಿಕಾಗೊ ಸಿಂಫನಿ ಆರ್ಕೆಸ್ಟ್ರಾ ಅದನ್ನು 1951ರಲ್ಲಿ ರಾಫೆಲ್ ಕುಬೆಲಿಕ್ ಜೊತೆ ಧ್ವನಿಮುದ್ರಿಸಿತು. 1957ರಲ್ಲಿ ಫ್ರಿಟ್ಸ್ ರೈನರ್, 1977ರಲ್ಲಿ ಕಾರ್ಲೊ ಮರಿಯಾ ಜ್ಯುಲಿನಿ, ಎಂಬತ್ತರ ದಶಕ ಶುರುವಾಗುತ್ತಿದ್ದಂತೆ ಜೇಮ್ಸ್ ಲಿವೈನ್, 1983ರಲ್ಲಿ ಜಾರ್ಜ್ ಶೋಲ್ಟಿ. ನಿರ್ದೇಶಕರು ಐವರು, ಕಂಪನಿಗಳು ನಾಲ್ಕು. ಆದರೆ ಮುಖ್ಯ ಟ್ರಂಪೆಟ್‌ನ ಕುರ್ಚಿಯಲ್ಲಿ ಅಷ್ಟೂ ಕಾಲ ಒಬ್ಬರೇ ಇದ್ದರು: ಅಡಾಲ್ಫ್ ಹರ್ಸೆತ್. 1948ರಲ್ಲಿ ಆ ಕುರ್ಚಿಗೆ ಬಂದವರು 2001ರವರೆಗೆ ಬಿಟ್ಟುಕೊಡಲಿಲ್ಲ.

ರೆಕಾರ್ಡ್ ಹೋಲಿಸುವವರು ಸಾಮಾನ್ಯವಾಗಿ ಹಿಡಿಯುವುದು ಕವರಿನ ಮೇಲೆ ದಪ್ಪ ಅಕ್ಷರದಲ್ಲಿರುವ ಹೆಸರನ್ನು. ರೈನರ್ ಮೇಲೋ, ಶೋಲ್ಟಿ ಮೇಲೋ ಎಂದು ವಾದ ನಡೆಯುತ್ತದೆ. ಈ ಐದನ್ನೂ ಎದುರುಬದುರು ಇಟ್ಟು ಕೇಳಿದಷ್ಟೂ ನನಗೆ ಗಟ್ಟಿಯಾಗಿರುವ ನಂಬಿಕೆ ಬೇರೆ. ಸಿಂಫನಿಯ ಧ್ವನಿಮುದ್ರಿಕೆಯಲ್ಲಿ ನಿರ್ದೇಶಕನಷ್ಟೇ ಪಾಲು ಕುರ್ಚಿಯಲ್ಲಿ ಕೂತವರದ್ದು, ಕಟ್ಟಡದ್ದು, ಮೈಕು ಎಲ್ಲಿ ತೂಗುತ್ತಿತ್ತು ಎಂಬುದರದ್ದು. ಕವರಿನಲ್ಲಿ ಇವು ಸಣ್ಣ ಅಕ್ಷರದಲ್ಲಿರುತ್ತವೆ, ಎಷ್ಟೋ ಸಲ ಇರುವುದೇ ಇಲ್ಲ.

ಇದನ್ನು ಇಟಾಸ್ಕಾದಲ್ಲಿ ಕೂತು ಬರೆಯುವುದರಲ್ಲಿ ಒಂದು ಅನುಕೂಲವಿದೆ. ಓಹೇರ್ ವಿಮಾನ ನಿಲ್ದಾಣದ ಪಶ್ಚಿಮಕ್ಕಿರುವ ಚಿಕ್ಕ ಊರು ಇದು. ಇಲ್ಲೂ ಪಕ್ಕದ ಶಾಂಬರ್ಗ್‌ನಲ್ಲೂ ಕನ್ನಡದ ಮನೆಗಳಿವೆ. ಇಟಾಸ್ಕಾದ ಸಾರ್ವಜನಿಕ ಗ್ರಂಥಾಲಯದಿಂದ ಸಿಡಿಗಳನ್ನು ಎರವಲು ತರಬಹುದು, ಅಲ್ಲಿಲ್ಲದ್ದನ್ನು ಸುತ್ತಲಿನ ಊರುಗಳ ಗ್ರಂಥಾಲಯಗಳಿಂದ ತರಿಸಿಕೊಡುತ್ತಾರೆ. ರೇಡಿಯೊದಲ್ಲಿ 98.7ಕ್ಕೆ ತಿರುಗಿಸಿದರೆ 1951ರಿಂದ ಶಾಸ್ತ್ರೀಯ ಸಂಗೀತ ಬಿತ್ತರಿಸುತ್ತಿರುವ ಡಬ್ಲ್ಯುಎಫ್ಎಂಟಿ. ಮೆಟ್ರಾ ರೈಲು ಹತ್ತಿ ಯೂನಿಯನ್ ಸ್ಟೇಷನ್‌ನಲ್ಲಿ ಇಳಿದು, ಆಡಮ್ಸ್ ಸ್ಟ್ರೀಟ್ ಹಿಡಿದು ನದಿ ದಾಟಿ ಪೂರ್ವಕ್ಕೆ ನಡೆದರೆ ಎದುರಾಗುವುದು ಮಿಶಿಗನ್ ಅವೆನ್ಯೂ. ಕುಬೆಲಿಕ್ ಮತ್ತು ರೈನರ್ ಇಬ್ಬರ ರೆಕಾರ್ಡಿಂಗೂ ನಡೆದ ಆರ್ಕೆಸ್ಟ್ರಾ ಹಾಲ್ ಅಲ್ಲೇ ಇದೆ. ರೆಕಾರ್ಡಿನಲ್ಲಿ ಕೇಳಿದ ಕಟ್ಟಡದೊಳಗೇ ಹೋಗಿ ಕೂರುವ ಭಾಗ್ಯ ಎಲ್ಲ ಕೇಳುಗರಿಗೂ ಸಿಗುವುದಿಲ್ಲ.

ಹೋಲಿಸಿ ಕೇಳುವುದು ನಮಗೆ ಹೊಸದೇನಲ್ಲ. ಒಂದೇ ರಾಗವನ್ನು ಮಲ್ಲಿಕಾರ್ಜುನ ಮನ್ಸೂರರು ಹೇಗೆ ಹಾಡಿದರು, ಭೀಮಸೇನ ಜೋಶಿಯವರು ಹೇಗೆ ಹಾಡಿದರು ಎಂದು ರಾತ್ರಿಯಿಡೀ ಮಾತಾಡುವ ಜನ ಧಾರವಾಡದಲ್ಲಿ ಬೇಕಾದಷ್ಟಿದ್ದಾರೆ. ಅಲ್ಲಿ ವ್ಯತ್ಯಾಸ ಇರುವುದೇ ಸಹಜ. ರಾಗದ ದಾರಿಯನ್ನು ಹಾಡುವವರೇ ಆ ಹೊತ್ತಿಗೆ ಕಟ್ಟುತ್ತಾರೆ. ಸಿಂಫನಿಯಲ್ಲಿ ಪ್ರತಿ ಸ್ವರವೂ, ಅದರ ಉದ್ದವೂ, ಜೋರೂ ಮೆದುವೂ ಮೊದಲೇ ಬರೆದಿಟ್ಟದ್ದು. ಹಾಗಿದ್ದೂ ಒಂದರಂತೆ ಇನ್ನೊಂದಿಲ್ಲ. ಎರಡನೆಯ ಭಾಗವಾದ ಲಾರ್ಗೋದಲ್ಲಿ ಇಂಗ್ಲಿಷ್ ಹಾರ್ನ್ ಒಂಟಿಯಾಗಿ ನುಡಿಸುವ ರಾಗವನ್ನೇ ನೋಡಿ. ನಮ್ಮ ಸ್ವರಗಳಲ್ಲಿ ಬರೆದರೆ ಗ ಪ ಪ, ಗ ರಿ ಸ, ರಿ ಗ ಪ ಗ ರಿ. ಮೊದಲ ಸಲ ಕೇಳಿದ ಕನ್ನಡಿಗರು ಮೋಹನ ಎಂದೇ ತಲೆದೂಗುತ್ತಾರೆ. ಮುಂದಿನ ಸಾಲಿನಲ್ಲಿ ಧ ಸ ಸ, ನಿ ಪ ಧ ಎಂದು ನಿಷಾದ ಇಣುಕಿದಾಗ ಮೋಹನದ ಚೌಕಟ್ಟು ಸಡಿಲುತ್ತದೆ. ಆ ನಿಷಾದವನ್ನು ಒತ್ತಬೇಕೇ, ಸವರಿಕೊಂಡು ದಾಟಬೇಕೇ? ಉಸಿರು ತೆಗೆದುಕೊಳ್ಳುವುದು ಎಲ್ಲಿ? ಬರೆದ ಸ್ವರ ಇದನ್ನೆಲ್ಲ ಹೇಳುವುದಿಲ್ಲ. ಧ್ವನಿಮುದ್ರಿಕೆಗಳು ಬೇರೆಯಾಗುವುದು ಇಂಥ ಎಡೆಗಳಲ್ಲಿ.

ಈ ಕೃತಿಗೂ ಶಿಕಾಗೊಗೂ ಇರುವ ನಂಟು ರೆಕಾರ್ಡುಗಳಿಗಿಂತ ಹಳೆಯದು. ನ್ಯೂಯಾರ್ಕಿನ ನ್ಯಾಷನಲ್ ಕನ್ಸರ್ವೇಟರಿಯ ಮುಖ್ಯಸ್ಥನಾಗಿ 1892ರಲ್ಲಿ ಬಂದ ದ್ವೊರ್ಝಾಕ್ ಮರುವರ್ಷದ ಮೇ ತಿಂಗಳಲ್ಲಿ ಈ ಸಿಂಫನಿ ಮುಗಿಸಿದ. ಬೇಸಿಗೆ ಕಳೆಯಲು ಅಯೋವಾದ ಸ್ಪಿಲ್‌ವಿಲ್ ಎಂಬ ಝೆಕ್ ಹಳ್ಳಿಗೆ ಹೋದ. ಅಲ್ಲಿಂದ ಶಿಕಾಗೊಗೆ ಬಂದು 1893ರ ಆಗಸ್ಟ್ 12ರಂದು, ವಿಶ್ವಮೇಳದ ‘ಬೊಹೀಮಿಯನ್ ದಿನ’ದಲ್ಲಿ, ತನ್ನ ಎಂಟನೆಯ ಸಿಂಫನಿಯನ್ನೂ ಸ್ಲಾವೊನಿಕ್ ನೃತ್ಯಗಳನ್ನೂ ತಾನೇ ನಿರ್ದೇಶಿಸಿದ. ಒಂಬತ್ತನೆಯದು ಬರೆದು ಮುಗಿದಿತ್ತು, ಯಾರೂ ಕೇಳಿರಲಿಲ್ಲ. ಡಿಸೆಂಬರ್ 16ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಅದರ ಮೊದಲ ಪ್ರದರ್ಶನವಾಯಿತು. ದ್ವೊರ್ಝಾಕ್ ಶಿಕಾಗೊದಲ್ಲಿ ಕೋಲು ಎತ್ತಿದ ಒಂದು ತಿಂಗಳಿಗೆ, ಸೆಪ್ಟೆಂಬರ್ 11ರಂದು, ಅದೇ ಮೇಳದ ಅಂಗವಾಗಿ ನಡೆದ ಸರ್ವಧರ್ಮ ಸಮ್ಮೇಳನದಲ್ಲಿ ಸ್ವಾಮಿ ವಿವೇಕಾನಂದರು ಮಾತಾಡಿದರು. ಅವರು ಮಾತಾಡಿದ ಕಟ್ಟಡ ಇವತ್ತಿನ ಆರ್ಟ್ ಇನ್‌ಸ್ಟಿಟ್ಯೂಟ್. ಅದರ ಎದುರಿನ ಸಾಲಿನಲ್ಲೇ 1904ರ ಡಿಸೆಂಬರಿನಲ್ಲಿ ಆರ್ಕೆಸ್ಟ್ರಾ ಹಾಲ್ ತೆರೆಯಿತು. ವಿವೇಕಾನಂದರ ಹೆಸರಿನ ಫಲಕ ನೋಡಲು ಊರಿಂದ ಬಂದ ನೆಂಟರನ್ನು ಕರೆದೊಯ್ಯುವವರು ರಸ್ತೆಯ ಆಚೆಬದಿಗೂ ಒಮ್ಮೆ ಕಣ್ಣು ಹಾಯಿಸಬೇಕು.

ಕುಬೆಲಿಕ್‌ನ ರೆಕಾರ್ಡಿಗೆ ಬರೋಣ, ಅಲ್ಲಿ ಹೇಳುವುದು ಹೆಚ್ಚಿದೆ. ಝೆಕ್ ಪಿಟೀಲು ವಾದಕ ಯಾನ್ ಕುಬೆಲಿಕ್‌ನ ಮಗ ಈತ. 1948ರಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದಾಗ ದೇಶ ಬಿಟ್ಟವನು 1950ರಲ್ಲಿ ಶಿಕಾಗೊದ ಸಂಗೀತ ನಿರ್ದೇಶಕನಾದ. ಮರ್ಕ್ಯುರಿ ಕಂಪನಿಯ ಎಂಜಿನಿಯರ್ ರಾಬರ್ಟ್ ಫೈನ್ ಇಡೀ ಆರ್ಕೆಸ್ಟ್ರಾಕ್ಕೆ ಒಂದೇ ಒಂದು ಮೈಕನ್ನು ನಿರ್ದೇಶಕನ ತಲೆಯ ಮೇಲೆ ಎತ್ತರದಲ್ಲಿ ತೂಗುಹಾಕುತ್ತಿದ್ದ. ಈ ಬಗೆಯಲ್ಲಿ ಮರ್ಕ್ಯುರಿಯವರು ಶಿಕಾಗೊದಲ್ಲಿ ಮೊದಲು ಮುದ್ರಿಸಿದ ಮುಸೋರ್ಗ್‌ಸ್ಕಿಯ ‘ಪಿಕ್ಚರ್ಸ್’ ಕೇಳಿ ನ್ಯೂಯಾರ್ಕ್ ಟೈಮ್ಸ್‌ನ ಹೊವಾರ್ಡ್ ಟಾಬ್‌ಮನ್ ಬರೆದ ವಿಮರ್ಶೆಯಿಂದಲೇ ಅವರ ರೆಕಾರ್ಡುಗಳಿಗೆ ‘ಲಿವಿಂಗ್ ಪ್ರೆಸೆನ್ಸ್’ ಎಂಬ ಹೆಸರು ಬಂತು. ಒಂದೇ ಮೈಕು ಎಂದರೆ ಆಮೇಲೆ ಮೇಜಿನ ಮುಂದೆ ಕೂತು ಕೊಳಲನ್ನು ಏರಿಸುವ, ಟ್ರಂಪೆಟ್ ಇಳಿಸುವ ಮಾತೇ ಇಲ್ಲ. ವಾದ್ಯಗಳ ತೂಕವನ್ನು ಹಾಲ್‌ನಲ್ಲೇ, ನುಡಿಸುತ್ತಲೇ ಸರಿದೂಗಿಸಬೇಕು. ಅದು ಮೋನೊ, ಎಡಬಲವಿಲ್ಲ. ಆದರೂ ಕೊನೆಯ ಭಾಗದ ಆರಂಭದಲ್ಲಿ ತಂತಿವಾದ್ಯಗಳು ಅರ್ಧಸ್ವರದ ಅಂತರದಲ್ಲಿ ಉಜ್ಜುತ್ತ ವೇಗ ಹೆಚ್ಚಿಸಿ, ಹಾರ್ನ್‌ಗಳೂ ಟ್ರಂಪೆಟ್‌ಗಳೂ ಒಟ್ಟಿಗೆ ಮುಖ್ಯರಾಗ ಎತ್ತಿಕೊಳ್ಳುವ ಕ್ಷಣ ಇದೆಯಲ್ಲ, ಅಲ್ಲಿ ಮೈ ಜುಮ್ಮೆನ್ನುತ್ತದೆ. ಆ ರಾಗದ ನಿಷಾದ ತಗ್ಗಿನದು. ಕೀರವಾಣಿಗಿಂತ ನಟಭೈರವಿಯ ಕಡೆಗೆ ವಾಲಿದ್ದು. ಕುಬೆಲಿಕ್ ಅದನ್ನು ವಿಜಯಘೋಷದಂತೆ ಊದಿಸದೆ ಹಾಡಿಸುತ್ತಾನೆ. ಹರ್ಸೆತ್‌ಗೆ ಆಗ ಮೂವತ್ತರ ವಯಸ್ಸು.

ಶಿಕಾಗೊ ಟ್ರಿಬ್ಯೂನ್‌ನ ವಿಮರ್ಶಕಿ ಕ್ಲಾಡಿಯಾ ಕ್ಯಾಸಿಡಿ ಕುಬೆಲಿಕ್‌ನ ಬೆನ್ನು ಬಿಡಲಿಲ್ಲ, 1953ಕ್ಕೆ ಅವನ ಕಾಲ ಮುಗಿಯಿತು. ಅವಳ ಬರಹಗಳ ಬಿಸಿ ಎಂದೋ ಆರಿತು, ಆ ಮೋನೊ ರೆಕಾರ್ಡು ಮಾತ್ರ ಇಂದಿಗೂ ಸಿಗುತ್ತದೆ.

ಇದೇ ಕಾಲದಲ್ಲಿ ಇಂಥದೇ ಕೆಲಸಕ್ಕೆ ಮೈಸೂರಿನಿಂದ ಹಣ ಹರಿಯುತ್ತಿತ್ತು ಎಂಬುದನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಅಧ್ಯಕ್ಷರಾಗಿದ್ದರು. ರಷ್ಯದ ಮೆಟ್ನರ್‌ನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಮುದ್ರಿಸಲು ಸೊಸೈಟಿ ಕಟ್ಟಿಸಿದರು. 1949ರಲ್ಲಿ ಕರಾಯಾನ್ ಮುದ್ರಿಸಿದ ಬಲಾಕಿರೆವ್‌ನ ಮೊದಲ ಸಿಂಫನಿ ಅವರ ನೆರವಿನ ಫಲ. ಮಾರುಕಟ್ಟೆ ಕೇಳದ ರೊಮ್ಯಾಂಟಿಕ್ ಕೃತಿಗಳಿಗೆ ಕಿವಿಯೂ ಹಣವೂ ಎರಡನ್ನೂ ಕೊಟ್ಟ ಕನ್ನಡ ನಾಡಿನ ಅರಸು ಅವರು. ಶ್ರೀವಿದ್ಯಾ ಅಂಕಿತದಲ್ಲಿ ಅವರೇ ರಚಿಸಿದ ಕೃತಿಗಳ ಬಗ್ಗೆ ಮಾತಾಡುವಷ್ಟು ನಾವು ಈ ಮುಖದ ಬಗ್ಗೆ ಮಾತಾಡುವುದಿಲ್ಲ.

ರೈನರ್ 1957ರ ನವೆಂಬರಿನಲ್ಲಿ ಮುದ್ರಿಸಿದ್ದು ಆರ್‌ಸಿಎಯ ಸ್ಟೀರಿಯೊ ತಂತ್ರದಲ್ಲಿ. ಆರೇ ವರ್ಷದ ಅಂತರ, ಅದೇ ಹಾಲ್, ಅದೇ ಟ್ರಂಪೆಟ್ ಕುರ್ಚಿ. ಹಂಗೇರಿಯ ರೈನರ್‌ನ ಕೋಲು ಅಲುಗುತ್ತಿದ್ದುದು ಅಂಗುಲಗಳ ಲೆಕ್ಕದಲ್ಲಿ. ವಾದಕರು ಕಣ್ಣು ಕೀಳುವಂತಿರಲಿಲ್ಲ. ಆ ಎಚ್ಚರ ರೆಕಾರ್ಡಿನ ತುಂಬ ಇದೆ. ಮೂರನೆಯ ಭಾಗದ ಸ್ಕೆರ್ಟ್ಸೊದಲ್ಲಿ ಲಯ ಒಂದು ಕೂದಲೆಳೆಯಷ್ಟೂ ಸಡಿಲುವುದಿಲ್ಲ, ಮರದ ಊದುವಾದ್ಯಗಳ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳುತ್ತದೆ. ಲಾರ್ಗೋ ಆರಂಭದ ಹಿತ್ತಾಳೆ ವಾದ್ಯಗಳ ಮೆಲುದನಿಯ ಸ್ವರಗುಚ್ಛಗಳಲ್ಲಿ ಹಾಲ್‌ನ ಗಾಳಿಯೂ ಸೇರಿಕೊಂಡಿದೆ. ಟೂಬಾ ವಾದಕನಿಗೆ ಇಡೀ ಸಿಂಫನಿಯಲ್ಲಿ ಕೆಲಸವಿರುವುದು ಈ ಲಾರ್ಗೋದಲ್ಲಿ ಮಾತ್ರ. ಕೆಲವೇ ಸ್ವರಗಳಿಗಾಗಿ ಅವನು ಇಡೀ ಸಂಜೆ ಕಾಯುತ್ತಾನೆ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ರೈನರ್‌ನಲ್ಲಿ ಆ ಅಡಿಪಾಯದ ಸ್ವರಗಳನ್ನು ಹುಡುಕಿ ನೋಡಿ.

1966ರಲ್ಲಿ ಆರ್ಕೆಸ್ಟ್ರಾ ಹಾಲ್ ನವೀಕರಣವಾಯಿತು, ದನಿ ಒಣಗಿತು. ಕಂಪನಿಗಳು ಎಷ್ಟೋ ರೆಕಾರ್ಡಿಂಗನ್ನು ಮೆಡೈನಾ ಟೆಂಪಲ್‌ಗೆ ಸಾಗಿಸಿದವು. 1912ರ ಆ ಭವ್ಯ ಸಭಾಂಗಣ ಮುಂದೆ ಗೃಹಾಲಂಕಾರದ ಮಳಿಗೆಯಾಗಿ, 2023ರಲ್ಲಿ ಕ್ಯಾಸಿನೊ ಆಯಿತು. ಶಿಕಾಗೊದ ಶ್ರೇಷ್ಠ ಧ್ವನಿಮುದ್ರಿಕೆಗಳು ಹುಟ್ಟಿದ ಜಾಗಕ್ಕೆ ಜೂಜಿನ ಯಂತ್ರಗಳು ಬಂದವು ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ. ಒಂದು ಸಭಾಂಗಣ ಹೋದರೆ ಒಂದು ವಾದ್ಯವೇ ಹೋದಂತೆ.

ಎಪ್ಪತ್ತು–ಎಂಬತ್ತರ ದಶಕದ ಮೂರು ಧ್ವನಿಮುದ್ರಿಕೆಗಳನ್ನು ಒಟ್ಟಿಗೆ ಕೇಳಬೇಕು. ಅದಕ್ಕೆ ಕಾರಣ ಇನ್ನೊಂದು ಕುರ್ಚಿ. 1964ರಿಂದ ನಾಲ್ಕು ದಶಕ ಶಿಕಾಗೊದ ಇಂಗ್ಲಿಷ್ ಹಾರ್ನ್ ವಾದಕ ಗ್ರೋವರ್ ಶಿಲ್ಟ್ಸ್. ಅಂದರೆ ಜ್ಯುಲಿನಿ, ಲಿವೈನ್, ಶೋಲ್ಟಿ ಮೂವರ ಕಾಲದಲ್ಲೂ ಗ ಪ ಪ, ಗ ರಿ ಸ ಆ ಒಂದೇ ಕುರ್ಚಿಯಿಂದ ಬಂದದ್ದು. ಜ್ಯುಲಿನಿ ರಾಗವನ್ನು ವಿಳಂಬದಲ್ಲಿ ಬಿಡಿಸುತ್ತಾನೆ. ಕೆಳಗೆ ತಂತಿವಾದ್ಯಗಳು ಕಡುಬಣ್ಣದ ಹಾಸು ಹಾಸುತ್ತವೆ, ಉಸಿರು ಮುಗಿಯುವ ಅಂಚಿನವರೆಗೂ ಸಾಲು ಮುರಿಯುವುದಿಲ್ಲ. ಈ ಲಾರ್ಗೋಗೆ ಸಾಟಿ ನಾನು ಶಿಕಾಗೊದ ಬೇರಾವ ರೆಕಾರ್ಡಿನಲ್ಲೂ ಕೇಳಿಲ್ಲ. ಲಿವೈನ್‌ನದು ಚುರುಕು, ಅದಕ್ಕಿಂತ ಹೆಚ್ಚು ಹೇಳಲು ನನ್ನಲ್ಲಿಲ್ಲ. ಶೋಲ್ಟಿ ಬಂದರೆ ಹಿತ್ತಾಳೆಯ ರಾಜ್ಯ. ಹೊಳಪು, ಶಕ್ತಿ, ಕೆಚ್ಚು ಎಲ್ಲವೂ ಇದೆ. ಆದರೆ ಕೊನೆಯ ಭಾಗದಲ್ಲಿ ಹಿಂದಿನ ಮೂರೂ ಭಾಗಗಳ ರಾಗಗಳು ಒಂದರ ಮೇಲೊಂದು ಮರಳಿ ಬರುವಾಗ ಅವು ನೆನಪಾಗಿ ಬರಬೇಕು. ಶೋಲ್ಟಿಯಲ್ಲಿ ಅವು ಆಜ್ಞೆಯಾಗಿ ಬರುತ್ತವೆ. ಅದೇ ಹರ್ಸೆತ್, ಅದೇ ಸ್ವರ. ಕುಬೆಲಿಕ್ ಹಾಡಿಸಿದ್ದನ್ನು ಶೋಲ್ಟಿ ಸಾರಿಸುತ್ತಾನೆ. ನಿರ್ದೇಶಕನ ಕೈವಾಡ ನಿಜಕ್ಕೂ ಎಷ್ಟು ಎಂದು ಅಳೆಯುವುದಾದರೆ ಅಳತೆಗೋಲು ಇದೇ: ಊದುವವನು ಬದಲಾಗದೆ ಊದಿದ್ದು ಬದಲಾದಾಗ.

ಡೆಟ್ರಾಯಿಟ್‌ನಲ್ಲೂ ಒಂದು ‘ನ್ಯೂ ವರ್ಲ್ಡ್’ ಇದೆ, ಅದು ತೀರಾ ಬೇರೆ. 1951ರಿಂದ ಸುಮಾರು ಹನ್ನೊಂದು ವರ್ಷ ಅಲ್ಲಿನ ಆರ್ಕೆಸ್ಟ್ರಾ ನಡೆಸಿದವನು ಫ್ರಾನ್ಸಿನ ಪಾಲ್ ಪರೇ. ಮುದ್ರಿಸಿದ್ದು ಮತ್ತೆ ಮರ್ಕ್ಯುರಿ, ಈಗ ಮೂರು ಮೈಕುಗಳ ಸ್ಟೀರಿಯೊದಲ್ಲಿ. ಡೆಟ್ರಾಯಿಟ್‌ನ ಸ್ವಂತ ಆರ್ಕೆಸ್ಟ್ರಾ ಹಾಲ್ 1919ರದು. 1939ರಲ್ಲಿ ಆರ್ಕೆಸ್ಟ್ರಾ ಅದನ್ನು ತೊರೆಯಿತು, ನಡುವೆ ಅದು ಜಾಝ್ ರಂಗಮಂದಿರವಾಯಿತು, ಆಮೇಲೆ ಪಾಳುಬಿತ್ತು. 1970ರಲ್ಲಿ ಕೆಡವಲು ಹೊರಟಾಗ ಆರ್ಕೆಸ್ಟ್ರಾದ ಬಸೂನ್ ವಾದಕ ಪಾಲ್ ಗ್ಯಾನ್ಸನ್ ಮುಂದೆ ನಿಂತು ಉಳಿಸಿದ. 1989ರಲ್ಲಿ ಆರ್ಕೆಸ್ಟ್ರಾ ಮನೆಗೆ ಮರಳಿತು. ಪರೇ ಕಾಲಕ್ಕೆ ಆ ಮನೆ ಆರ್ಕೆಸ್ಟ್ರಾದ ಕೈಯಲ್ಲಿರಲಿಲ್ಲ. ಮರ್ಕ್ಯುರಿಯವರು ಕೆಲವು ರೆಕಾರ್ಡಿಂಗುಗಳನ್ನು ಕಾಸ್ ಟೆಕ್ನಿಕಲ್ ಹೈಸ್ಕೂಲಿನ ಸಭಾಂಗಣದಲ್ಲಿ ಮಾಡಿದರು. 1959ರ ಬೆರ್ಲಿಯೋಜ್‌ನ ‘ಫೆಂಟಾಸ್ಟಿಕ್’ ಸಿಂಫನಿ ಹುಟ್ಟಿದ್ದು ಆ ಶಾಲೆಯಲ್ಲೇ. ಪರೇಯ ದ್ವೊರ್ಝಾಕ್‌ನಲ್ಲಿ ಕಣ್ಣೀರಿಗೆ ಜಾಗವಿಲ್ಲ. ಓಟ ಚುರುಕು, ದನಿ ತೆಳುವು, ಪದರಪದರವೂ ಕಾಣುವಷ್ಟು ಸ್ಪಷ್ಟ. ಊರಿನ ನೆನಪಿನ ಸಂಗೀತ ಎಂದು ಕೇಳಿ ಕೇಳಿ ಜಡ್ಡುಗಟ್ಟಿದ ಕಿವಿಗೆ ಇದು ಔಷಧಿ. ಅನಿವಾಸಿಗಳಾದ ನಮಗೆ ಈ ಸಿಂಫನಿಯನ್ನು ಬರೀ ಹಂಬಲವಾಗಿ ಕೇಳುವ ಅಭ್ಯಾಸ ಬೇಗ ಅಂಟಿಕೊಳ್ಳುತ್ತದೆ. ಹೊಸ ದೇಶಕ್ಕೆ ಕಾಲಿಟ್ಟ ಐವತ್ತೊಂದರ ಗಂಡಸಿನ ಹುರುಪೂ ಅದರಲ್ಲಿದೆ ಎಂದು ಪರೇ ತೋರಿಸಿಕೊಡುತ್ತಾನೆ.

ಹೊಸಬರಿಗೆ ಒಂದೇ ಒಂದನ್ನು ಹೇಳಿ ಎಂದರೆ ನಾನು ರೈನರ್ ಎನ್ನುತ್ತೇನೆ. ದನಿ, ಲಯ, ಹಾಲ್ ಮೂರೂ ಅಲ್ಲಿ ಒಂದಕ್ಕೊಂದು ಒಪ್ಪಿವೆ. ನನ್ನ ಬಳಿ ಒಂದೇ ಉಳಿಯಬೇಕೆಂದರೆ ಕುಬೆಲಿಕ್. ಅವನು ಮುಂದೆ ವಿಯೆನ್ನಾದಲ್ಲೂ ಬರ್ಲಿನ್ನಿನಲ್ಲೂ ಇದನ್ನು ಮುದ್ರಿಸಿದ. ಬರ್ಲಿನ್ ಫಿಲ್‌ಹಾರ್ಮೋನಿಕ್ ಜೊತೆಗಿನ 1972ರದನ್ನು ಅನೇಕರು ಅವನ ಶ್ರೇಷ್ಠ ‘ನ್ಯೂ ವರ್ಲ್ಡ್’ ಎನ್ನುತ್ತಾರೆ, ದನಿಯ ಸೊಗಸಿನಲ್ಲಿ ಅದು ಸರಿಯೇ. 1990ರಲ್ಲಿ ತಾಯ್ನಾಡಿಗೆ ಮರಳಿದ ಮೇಲೆ, 1991ರ ಅಕ್ಟೋಬರಿನಲ್ಲಿ ಪ್ರಾಗ್‌ನಲ್ಲಿ ಝೆಕ್ ಫಿಲ್‌ಹಾರ್ಮೋನಿಕ್‌ನೊಂದಿಗೆ ಅವನು ನಿರ್ದೇಶಿಸಿದ ಕಛೇರಿಯೂ ಧ್ವನಿಮುದ್ರಿಕೆಯಾಗಿ ಸಿಗುತ್ತದೆ. ಅಲ್ಲಿ ವಯಸ್ಸಾಗಿದೆ, ನಡೆ ಬಿಡುವಾಗಿದೆ, ಅವಸರವೆಲ್ಲ ಕಳೆದಿದೆ. ಶಿಕಾಗೊದ್ದು ದೇಶ ಬಿಟ್ಟ ಮೂರು ವರ್ಷದ ಮೇಲಿನದು. ಮರಳುವ ದಾರಿ ಇದೆಯೋ ಇಲ್ಲವೋ ತಿಳಿಯದವನು ಮೂವತ್ತೇಳನೆಯ ವಯಸ್ಸಿನಲ್ಲಿ ನಿರ್ದೇಶಿಸಿದ್ದು. ಎರಡನ್ನೂ ಕೇಳುವುದಾದರೆ ಮೊದಲು ಶಿಕಾಗೊ, ಆಮೇಲೆ ಪ್ರಾಗ್. ಲಾರ್ಗೋ ಎರಡರಲ್ಲೂ ಮುಗಿಯುವವರೆಗೆ ಮಧ್ಯೆ ನಿಲ್ಲಿಸಬೇಡಿ.